ಮನೆಗಿಂತ ಮೊದಲು ರಸ್ತೆ

"ಒಂದು ಸೈಟು ನೋಡಿದ್ದೇವೆ. ಮೂವತ್ತು ನಲವತ್ತು. ಪಂಚಾಯಿತಿ ಖಾತೆ ಇದೆಯಂತೆ, ರಿಜಿಸ್ಟ್ರೇಷನ್ನೂ ಆಗುತ್ತದಂತೆ. ತೆಗೆದುಕೊಳ್ಳಬಹುದೆ?" ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬೇರೆ ಯಾವ ಪ್ರಶ್ನೆಯೂ ಇಷ್ಟು ಸಲ ಬಂದಿಲ್ಲ. ಕೇಳುವವರಲ್ಲಿ ನಿವೃತ್ತಿಯ ಹಣ ಕೈಗೆ ಬಂದ ಮೇಷ್ಟ್ರಿದ್ದಾರೆ, ಗಾರ್ಮೆಂಟ್ಸ್‌ನಲ್ಲಿ ದುಡಿದು ಚೀಟಿ ಎತ್ತಿದ ಹೆಣ್ಣುಮಕ್ಕಳಿದ್ದಾರೆ, ಕೊಲ್ಲಿ ದೇಶದಿಂದ ಊರಿಗೆ ದುಡ್ಡು ಕಳಿಸುವ ಮಕ್ಕಳ ಪರವಾಗಿ ಬರೆಯುವ ತಂದೆತಾಯಿಯರಿದ್ದಾರೆ. ಜೀವಮಾನದಲ್ಲಿ ಒಂದೇ ಸಲ ಇಷ್ಟು ದೊಡ್ಡ ಮೊತ್ತ ಎಣಿಸಿ ಕೊಡುವ ಜನ ಇವರು. ಖಾತೆ ಎ ಆಗಿದೆಯೋ ಬಿ ಆಗಿದೆಯೋ, ಇ-ಖಾತಾ ಬಂತೋ ಇಲ್ಲವೋ ಎಂದು ಎಲ್ಲರೂ ವಿಚಾರಿಸುತ್ತಾರೆ. ಆ ಸೈಟಿನ ಮುಂದಿನ ರಸ್ತೆ ಯಾರದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ಅದನ್ನೇ.

ಯಾಕೆಂದರೆ ನಮ್ಮಲ್ಲಿ ಒಂದು ಸೈಟಿನ ಬಗ್ಗೆ ನಾಲ್ಕು ಕಚೇರಿಗಳು ನಾಲ್ಕು ಬೇರೆ ಬೇರೆ ಸಂಗತಿ ಹೇಳುತ್ತವೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ದಾಖಲಾಗುವುದು ಕ್ರಯಪತ್ರ. ಇಂಥವರು ಇಂಥವರಿಗೆ ಇಷ್ಟಕ್ಕೆ ಮಾರಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ. ಮಾರಿದವರಿಗೆ ಮಾರುವ ಹಕ್ಕು ನಿಜಕ್ಕೂ ಇತ್ತೆಂದು 1908ರ ನೋಂದಣಿ ಕಾಯ್ದೆ ಖಾತ್ರಿ ಕೊಡುವುದಿಲ್ಲ. ತಾಲ್ಲೂಕು ಕಚೇರಿಯ ಪಹಣಿಯಲ್ಲಿ ಹೆಸರಿದ್ದರೆ, ಸುಳ್ಳೆಂದು ಸಾಬೀತಾಗುವವರೆಗೆ ಅದನ್ನು ನಿಜವೆಂದು ಭಾವಿಸಬೇಕು ಎನ್ನುತ್ತದೆ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ. ಭಾವಿಸಬೇಕು, ಅಷ್ಟೇ. ಪಂಚಾಯಿತಿ ಅಥವಾ ಪಾಲಿಕೆಯ ಖಾತೆ ತೆರಿಗೆ ಯಾರಿಂದ ವಸೂಲು ಮಾಡಬೇಕೆಂದು ಬರೆದಿಟ್ಟುಕೊಂಡ ಪುಸ್ತಕ. ನಾಲ್ಕನೆಯದು ಯೋಜನಾ ಪ್ರಾಧಿಕಾರ. ಈ ಜಾಗದಲ್ಲಿ ಮನೆ ಕಟ್ಟಬಹುದು, ರಸ್ತೆ ಇಷ್ಟು ಅಗಲ, ಪಾರ್ಕು ಇಲ್ಲಿ, ಚರಂಡಿ ನೀರು ಈ ಕಡೆ ಹೋಗುತ್ತದೆ ಎಂದು ನಕ್ಷೆಯ ಮೇಲೆ ಗೆರೆ ಎಳೆದು ಒಪ್ಪಿಗೆ ಕೊಡುವುದು ಅದೊಂದೇ. ಮೊದಲ ಮೂರು ಕಾಗದಗಳನ್ನು ಹೇಗಾದರೂ ಹೊಂದಿಸಬಹುದು, ಕಾಲಾನಂತರ ಸರಿಪಡಿಸಲೂಬಹುದು. ನಾಲ್ಕನೆಯದನ್ನು ಮನೆಗಳೆದ್ದ ಮೇಲೆ ಸರಿಪಡಿಸಲು ಬರುವುದಿಲ್ಲ.

ರೆವಿನ್ಯೂ ಸೈಟು ಹುಟ್ಟುವ ಬಗೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಊರಾಚೆ ಎರಡು ಎಕರೆ ಹೊಲ. ಎಕರೆಗೆ ನಲವತ್ತು ಗುಂಟೆ, ಅಂದರೆ ಎಂಬತ್ತು ಗುಂಟೆ. ಒಂದು ಗುಂಟೆಗೆ 1089 ಚದರಡಿ. ಮೂವತ್ತು ನಲವತ್ತರ ಸೈಟಿಗೆ ಬೇಕಾದದ್ದು 1200, ಅಂದರೆ ಗುಂಟೆಗಿಂತ 111 ಚದರಡಿ ಹೆಚ್ಚು. ನಿಯಮದ ಪ್ರಕಾರ ಹೋದರೆ ಈ ಹೊಲವನ್ನು ಮೊದಲು ಭೂ ಪರಿವರ್ತನೆ ಮಾಡಿಸಬೇಕು. ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿ ಕೊಡುವ ಈ ಆದೇಶಕ್ಕೆ ನಮ್ಮ ಕಡೆ ಡಿ.ಸಿ. ಕನ್ವರ್ಷನ್ ಎನ್ನುತ್ತಾರೆ, ಧಾರವಾಡದ ಕಡೆ ಎನ್.ಎ. ಎನ್ನುತ್ತಾರೆ. ಆಮೇಲೆ ಯೋಜನಾ ಪ್ರಾಧಿಕಾರಕ್ಕೆ ಬಡಾವಣೆ ನಕ್ಷೆ ಕೊಡಬೇಕು. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ ಎಂದು ದೊಡ್ಡದೊಂದು ಪಾಲನ್ನು ಬಿಡಬೇಕು. ಬಿಟ್ಟ ಜಾಗವನ್ನು ನೋಂದಾಯಿತ ಪತ್ರದ ಮೂಲಕ ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕು. ಚರಂಡಿ, ನೀರು, ವಿದ್ಯುತ್ ಕಂಬದ ಕೆಲಸ ಮುಂದುವರಿದಂತೆ ಪ್ರಾಧಿಕಾರ ಹಂತ ಹಂತವಾಗಿ ಸೈಟುಗಳನ್ನು ಬಿಡುಗಡೆ ಮಾಡುತ್ತದೆ. ಬಿಡುಗಡೆ ಆಗದ ಸೈಟನ್ನು ಮಾರುವಂತಿಲ್ಲ. ಖರ್ಚು ಬಹಳ, ಕಾಲ ಇನ್ನೂ ಬಹಳ.

ಇದಾವುದೂ ಬೇಡವೆಂದರೆ ಇನ್ನೊಂದು ದಾರಿ ಇದೆ. ಹೊಲದ ನಡುವೆ ಜೆಸಿಬಿ ಓಡಿಸಿ ಇಪ್ಪತ್ತಡಿಯ ದಾರಿ ಮಾಡುವುದು, ಎರಡೂ ಕಡೆ ಕಲ್ಲು ನೆಟ್ಟು ಸುಣ್ಣ ಬಳಿಯುವುದು, ಗುಂಟೆ ಲೆಕ್ಕದಲ್ಲಿ ಮಾರುವುದು. ಪಹಣಿ ಜಂಟಿಯಾಗುತ್ತದೆ, ಒಂದೇ ಸರ್ವೆ ನಂಬರಿನಲ್ಲಿ ಮೂವತ್ತು ನಲವತ್ತು ಹೆಸರುಗಳು ಒಂದರ ಕೆಳಗೊಂದು ಬಂದು ಕೂರುತ್ತವೆ. ಪೋಡಿ ಆಗಿರುವುದಿಲ್ಲ, ಆದ್ದರಿಂದ ಯಾರ ಗುಂಟೆ ಯಾವ ಮೂಲೆಯಲ್ಲಿದೆ ಎಂದು ಸರ್ಕಾರದ ಯಾವ ನಕ್ಷೆಯೂ ಹೇಳುವುದಿಲ್ಲ. ನಡುವಿನ ದಾರಿ ಹಲವು ಕಡೆ ಇನ್ನೂ ಮೂಲ ರೈತನ ಹೆಸರಿನಲ್ಲೇ ಇರುತ್ತದೆ. ಅವರ ಮಕ್ಕಳೋ ಮೊಮ್ಮಕ್ಕಳೋ ಭಾಗದ ದಾವೆ ಹೂಡಿದ ದಿನ ಮನೆ ಕಟ್ಟಿಕೊಂಡವರಿಗೆ ಗೊತ್ತಾಗುತ್ತದೆ, ತಾವು ದಿನಾ ಓಡಾಡುತ್ತಿರುವುದು ಇನ್ನೊಬ್ಬರ ಆಸ್ತಿಯ ಮೇಲೆ ಎಂದು. ಕೆಲವು ಕಡೆ ಆ ದಾರಿ ಬಿ ಖರಾಬಿನ ಮೇಲೆ ಹೋಗಿರುತ್ತದೆ. ಬಿ ಖರಾಬು ಎಂದರೆ ಹಳ್ಳ, ಸ್ಮಶಾನ, ಗಾಡಿದಾರಿಯಂಥ ಸಾರ್ವಜನಿಕ ನೆಲ. ಇನ್ನು ಕೆಲವು ಕಡೆ ಹೊಲವೇ ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದಾಗಿರುತ್ತದೆ. ಅಂಥ ನೆಲವನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟವೇ ಅಸಿಂಧು ಎನ್ನುತ್ತದೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ. ನೆಲ ವಾಪಸು ಕೇಳಲು ಕಾಲಮಿತಿಯ ಅಡ್ಡಿ ಇರಬಾರದೆಂದು 2023ರಲ್ಲಿ ತಿದ್ದುಪಡಿಯೂ ಬಂದಿದೆ. ಆ ಕಾಯ್ದೆ ಸರಿಯಾದದ್ದೇ. ವಿಚಾರಿಸದೆ ಕೊಂಡವರಿಗೆ ಮಾತ್ರ ಎಷ್ಟೋ ವರ್ಷಗಳ ನಂತರ ನೋಟಿಸು ಬರುತ್ತದೆ.

ಕಳೆದ ಮಳೆಗಾಲದಲ್ಲಿ ನೆಲಮಂಗಲದ ಆಚೆ ಇಂಥದೊಂದು ಜಾಗಕ್ಕೆ ಬಂಧುಗಳ ಜೊತೆ ಹೋಗಿದ್ದೆ. ಮನೆಗಳು ಚೆನ್ನಾಗಿದ್ದವು. ಎರಡಂತಸ್ತು, ಗ್ರಾನೈಟ್ ಮೆಟ್ಟಿಲು, ತಾರಸಿಯ ಮೇಲೆ ಸೋಲಾರು. ಬೀದಿಯಲ್ಲಿ ಎರಡು ಕಾರು ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಪ್ರತಿ ಮನೆಗೂ ಪಿಟ್ಟು, ಪ್ರತಿ ಮನೆಗೂ ಬೋರು, ಎರಡರ ನಡುವೆ ಕೆಲವೇ ಅಡಿ. ಮಕ್ಕಳು ಆಡುತ್ತಿದ್ದದ್ದು ಇನ್ನೂ ಮಾರಾಟವಾಗದ ಒಂದು ಸೈಟಿನಲ್ಲಿ. ಆ ಬಡಾವಣೆಯಲ್ಲಿ ಶಾಲೆಗೆಂದು, ಆಸ್ಪತ್ರೆಗೆಂದು, ಒಂದು ಬಸ್ ನಿಲ್ದಾಣಕ್ಕೆಂದು ಕೈಯಗಲದ ಜಾಗವೂ ಇರಲಿಲ್ಲ. ಅಲ್ಲಿ ಮನೆ ಕಟ್ಟಿಕೊಂಡವರನ್ನು ಅಕ್ರಮದವರು ಎಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಅವರು ಸಕ್ರಮವಾದದ್ದನ್ನೇ ಹುಡುಕಿದ್ದರು. ತಮ್ಮ ಕೈಗೆಟುಕುವ ಬೆಲೆಗೆ ಅದು ಸಿಗಲಿಲ್ಲ.

ಯಾಕೆ ಸಿಗಲಿಲ್ಲ ಎಂಬುದಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿ.ಡಿ.ಎ.) ಮೂರು ಬಡಾವಣೆಗಳ ಹೆಸರು ಹೇಳಿದರೆ ಸಾಕು. ಅರ್ಕಾವತಿ ಬಡಾವಣೆಗೆ ಪ್ರಾಥಮಿಕ ಅಧಿಸೂಚನೆ ಹೊರಟಿದ್ದು 2003ರಲ್ಲಿ, ಅಂತಿಮ ಅಧಿಸೂಚನೆ 2004ರಲ್ಲಿ. ಜಮೀನು ಬಿಡುವುದು, ಸೇರಿಸುವುದು, ಮತ್ತೆ ಬಿಡುವುದು ನಡೆದು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2010ರಲ್ಲಿ ತೀರ್ಪು ಬಂದರೂ ತಕರಾರು ಮುಗಿಯಲಿಲ್ಲ. ಡಾ. ಕೆ. ಶಿವರಾಮ ಕಾರಂತ ಬಡಾವಣೆಗೆ 17 ಹಳ್ಳಿಗಳ 3546 ಎಕರೆಗೆ ಅಧಿಸೂಚನೆ ಹೊರಡಿಸಿದ್ದು 2008ರ ಕೊನೆಯಲ್ಲಿ. ಹೈಕೋರ್ಟಿನಲ್ಲಿ ಬಿದ್ದುಹೋಗಿದ್ದ ಆ ಯೋಜನೆಯನ್ನು ಮುಂದುವರಿಸಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2018ರ ಆಗಸ್ಟಿನಲ್ಲಿ. ನಡುವಿನ ಹತ್ತು ವರ್ಷದಲ್ಲಿ ಆ ನೆಲದ ಮೇಲೆ ಮನೆಗಳೆದ್ದಿದ್ದವು. ಯಾವುದನ್ನು ಉಳಿಸಬೇಕು, ಯಾವುದನ್ನು ಉಳಿಸಬಾರದು ಎಂದು ನೋಡಲು ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿಯನ್ನು ನ್ಯಾಯಾಲಯವೇ ನೇಮಿಸಬೇಕಾಯಿತು. ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಗುರುತಿಸಿದ್ದು ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ, ಪ್ರಾಥಮಿಕ ಅಧಿಸೂಚನೆ 2008ರಲ್ಲಿ, ಅಂತಿಮ 2010ರಲ್ಲಿ. ಸೈಟು ಮಂಜೂರಾಗಿ ಪೂರ್ತಿ ಹಣ ಕಟ್ಟಿದವರು ಅದಾದ ಮೇಲೂ ವರ್ಷಗಟ್ಟಲೆ ನೀರು, ರಸ್ತೆ, ಒಳಚರಂಡಿಗೆ ಕಾದರು. 2008ರಲ್ಲಿ ಹುಟ್ಟಿದ ಮಗು ಕಾಲೇಜು ಮೆಟ್ಟಿಲು ಹತ್ತುವಷ್ಟು ಕಾಲ ಇದು. ಅಷ್ಟು ಕಾಲ ಬಾಡಿಗೆ ಕಟ್ಟುತ್ತಾ ಯಾವ ಸಂಸಾರ ಕಾದೀತು?

ಜಮೀನು ಕೊಟ್ಟವರ ಕಡೆಯಿಂದಲೂ ನೋಡಬೇಕು. ಬಡಾವಣೆಗೆಂದು ಅಧಿಸೂಚನೆಯಾದ ಹಳ್ಳಿಯೊಂದರಲ್ಲಿ ಹಿರಿಯ ರೈತರೊಬ್ಬರು ನನಗೆ ಹೇಳಿದ್ದರು: "ನೋಡಮ್ಮ, ಬೇಕು ಅಂದ್ರೆ ತಗೊಳ್ಳಿ, ಬ್ಯಾಡ ಅಂದ್ರೆ ಬಿಡಿ. ತಗೊಳ್ಳಾಕೂ ಇಲ್ಲ, ಬಿಡಾಕೂ ಇಲ್ಲ. ಬ್ಯಾಂಕಿನಾಗೆ ಬೆಳೆ ಸಾಲ ಇಲ್ಲ, ಮಗಳ ಮದುವೆಗೆ ನಾಕು ಗುಂಟೆ ಮಾರಾಕೂ ಇಲ್ಲ." ಸರ್ಕಾರದ ಕಡತದಲ್ಲಿ ಕೆಂಪು ಗುರುತು ಬಿದ್ದ ನೆಲ ಹಾಗೆ ಹತ್ತು ಹದಿನೈದು ವರ್ಷ ಉಳಿದರೆ, ಜಮೀನಿನವರು ಸಿಕ್ಕಷ್ಟಕ್ಕೆ ಗುಂಟೆ ಗುಂಟೆಯಾಗಿ ಮಾರಿ ಕೈ ತೊಳೆದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ರೆವಿನ್ಯೂ ಬಡಾವಣೆಗಳಲ್ಲಿ ಬಹಳಷ್ಟು ಹುಟ್ಟಿದ್ದು ರಿಯಲ್ ಎಸ್ಟೇಟಿನವರ ದುರಾಸೆಯಿಂದ ಎನ್ನುವುದು ಅರ್ಧ ಸತ್ಯ. ಉಳಿದರ್ಧಕ್ಕೆ ಕಾರಣ ಈ ಕಾಯುವಿಕೆ. ಈಚಿನ ಬಡಾವಣೆಗಳಲ್ಲಿ ಪರಿಹಾರದ ಹಣದ ಬದಲು ಅಭಿವೃದ್ಧಿಯಾದ ನೆಲದಲ್ಲಿ ರೈತರಿಗೆ 40 ಪಾಲು, ಪ್ರಾಧಿಕಾರಕ್ಕೆ 60 ಪಾಲು ಎಂಬ ವ್ಯವಸ್ಥೆ ಬಂದಿದೆ. ಒಳ್ಳೆಯದೇ. ಆದರೆ ಆ 40 ಪಾಲು ಯಾವ ವರ್ಷ ಕೈಗೆ ಬರುತ್ತದೆ ಎಂಬುದೂ ಬೆಲೆಯ ಭಾಗವೇ.

ಮೊದಲೂ ಹೀಗೇ ಇತ್ತು ಅನ್ನುವಂತಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಜನ ಹೊರಗೆ ಹೋಗಲು ಬಸವನಗುಡಿ, ಮಲ್ಲೇಶ್ವರಗಳ ಬೀದಿಗಳ ಗೆರೆ ಆಗಲೇ ಬಿದ್ದಿತ್ತು. ಅಗಲ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ, ನಡುವೆ ಬಯಲು. ಮೈಸೂರಿನಲ್ಲಿ 1903ರಲ್ಲೇ ನಗರ ಸುಧಾರಣಾ ಮಂಡಳಿ ಹುಟ್ಟಿತು. ಅಂದಿನ ಬಡಾವಣೆಗಳಲ್ಲಿ ಜಾತಿವಾರು ಹಂಚಿಕೆಯ ದೋಷವಿತ್ತು, ಬಡವರಿಗೆ ಜಾಗ ಕಡಿಮೆ ಇತ್ತು, ಅದನ್ನು ಮರೆಯಬಾರದು. ಆದರೂ ರಸ್ತೆ ಮೊದಲು ಬಂತು, ಮನೆ ಆಮೇಲೆ ಬಂತು. ಅದರಿಂದಲೇ ನೂರು ವರ್ಷದ ನಂತರವೂ ಆ ಬೀದಿಗಳಲ್ಲಿ ಅಗ್ನಿಶಾಮಕ ವಾಹನ ತಿರುಗುತ್ತದೆ. ಇಂದು ಬೆಂಗಳೂರು ನಡೆಯುತ್ತಿರುವುದು 2015ನೇ ಇಸವಿಯನ್ನು ಗುರಿಯಾಗಿಟ್ಟುಕೊಂಡು 2007ರಲ್ಲಿ ಮಂಜೂರಾದ ಮಹಾಯೋಜನೆಯ ಮೇಲೆ. 2031ರ ಕರಡು 2017ರಲ್ಲಿ ಹೊರಬಂದು, ಆಮೇಲೆ ವಾಪಸಾಯಿತು. ಊರು ಮುಂದೆ ಮುಂದೆ ಹೋಗುತ್ತಿದೆ, ನಕ್ಷೆ ಅದರ ಹಿಂದೆ ಬರುತ್ತಿದೆ.

ಹೀಗೆ ಹಿಂದೆ ಬಿದ್ದ ಸರ್ಕಾರಗಳು ಹಿಡಿದ ದಾರಿ ಸಕ್ರಮ. ಯೋಜನಾ ಕಾಯ್ದೆಗೆ 2007ರಲ್ಲಿ ತಿದ್ದುಪಡಿ ತಂದು ಅಕ್ರಮ-ಸಕ್ರಮ ಜಾರಿಗೆ ಹೊರಟರು, 2014ರಲ್ಲಿ ನಿಯಮ ಬಂತು, 2016ರ ಡಿಸೆಂಬರಿನಲ್ಲಿ ಹೈಕೋರ್ಟು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಸ್ವತ್ತುಗಳ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. 2025ರಲ್ಲಿ ರಾಜ್ಯದ ಪಟ್ಟಣಗಳಲ್ಲೆಲ್ಲ ಅನಧಿಕೃತ ಸ್ವತ್ತಿಗೆ ಬಿ ಖಾತಾ ಕೊಡುವ ಅಭಿಯಾನ ನಡೆಯಿತು. ಅದೇ ವರ್ಷದ ಕೊನೆಯಲ್ಲಿ ಬೆಂಗಳೂರಿನಲ್ಲಿ, ಮಾರ್ಗಸೂಚಿ ಬೆಲೆಯ ಮೇಲೆ ಶುಲ್ಕ ಕಟ್ಟಿಸಿಕೊಂಡು ಬಿ ಖಾತಾವನ್ನು ಎ ಖಾತಾ ಮಾಡಿಕೊಡುವ ಕಾರ್ಯಕ್ರಮ ಶುರುವಾಯಿತು. ಇದನ್ನು ನಾನು ವಿರೋಧಿಸುವುದಿಲ್ಲ. ಕಾಗದವಿಲ್ಲದ ಮನೆಯವರಿಗೆ ಬ್ಯಾಂಕಿನ ಸಾಲ ಸಿಗದೆ ಮೀಟರ್ ಬಡ್ಡಿಯವರ ಬಳಿ ಹೋಗುವ ಪಾಡು ತಪ್ಪುವುದಾದರೆ ತಪ್ಪಲಿ. ಆದರೆ ಆದೇಶದಿಂದ ಖಾಸಗಿ ದಾರಿಯನ್ನು ಸಾರ್ವಜನಿಕ ರಸ್ತೆ ಎಂದು ಸಾರಬಹುದು, ಇಪ್ಪತ್ತಡಿಯನ್ನು ಮೂವತ್ತಡಿ ಮಾಡಲಾಗದು. ಪಾರ್ಕಿನ ಜಾಗದಲ್ಲಿ ಎದ್ದ ಮನೆಯನ್ನು ಸಕ್ರಮ ಮಾಡಿದರೆ ಪಾರ್ಕು ಹೋಯಿತು. ಬಿ.ಡಿ.ಎ. ಕಾಯ್ದೆ ಪ್ರಕಾರ ಬಡಾವಣೆಯ ನೆಲದಲ್ಲಿ ಶೇಕಡ 15ಕ್ಕೆ ಕಡಿಮೆ ಇಲ್ಲದಂತೆ ಪಾರ್ಕು ಮತ್ತು ಆಟದ ಮೈದಾನ, ಅದರ ಮೇಲೆ ಶೇಕಡ 10 ನಾಗರಿಕ ಸೌಲಭ್ಯಕ್ಕೆ ಇರಬೇಕು. ರೆವಿನ್ಯೂ ಬಡಾವಣೆಯ ಮಗು ಕಳೆದುಕೊಂಡದ್ದು ಈ ಕಾಲು ಭಾಗವನ್ನು. ಯಾವ ದಂಡ ಕಟ್ಟಿದರೂ ಅದು ವಾಪಸು ಬರುವುದಿಲ್ಲ.

ಇಲ್ಲೊಂದು ಭೇದವನ್ನು ಸ್ಪಷ್ಟವಾಗಿ ಹೇಳಲೇಬೇಕು. ಕಾಗದ ತಡವಾಗಿ ಕೊಡುವುದೆಲ್ಲ ಒಂದೇ ಅಲ್ಲ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿಗಳ ಜನ ತಲೆಮಾರುಗಳಿಂದ ವಾಸವಿದ್ದ ನೆಲಕ್ಕೆ ಸರ್ಕಾರದ ಪುಸ್ತಕದಲ್ಲಿ ಊರೆಂಬ ಹೆಸರೇ ಇರಲಿಲ್ಲ. ಕೆಲವು ಗೋಮಾಳದಲ್ಲಿದ್ದವು, ಕೆಲವು ಯಾರದೋ ಪಟ್ಟಾ ಜಮೀನಿನಲ್ಲಿ. ಭೂಕಂದಾಯ ಕಾಯ್ದೆಗೂ ಭೂಸುಧಾರಣಾ ಕಾಯ್ದೆಗೂ ತಿದ್ದುಪಡಿ ತಂದು ಇವನ್ನು ಕಂದಾಯ ಗ್ರಾಮ ಮಾಡುವ ಕೆಲಸ ನಡೆದಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ 1,11,111 ಹಕ್ಕುಪತ್ರಗಳು ಎಂದು ಸರ್ಕಾರ ಲೆಕ್ಕ ಕೊಟ್ಟಿತು. ಒಂದು ಪಕ್ಷದ ಸರ್ಕಾರ ಒಂದನ್ನು ಕೊಟ್ಟಿತು, ಇನ್ನೊಂದು ಪಕ್ಷದ ಸರ್ಕಾರ ಇನ್ನೊಂದನ್ನು. ಎರಡೂ ಬಹಳ ಹಿಂದೆಯೇ ಆಗಬೇಕಿದ್ದ ನ್ಯಾಯ. ಕಬ್ಬು ಕಡಿಯಲು ಮಂಡ್ಯಕ್ಕೋ ಮಹಾರಾಷ್ಟ್ರಕ್ಕೋ ಗುಳೆ ಹೋಗಿ ಬರುವ ಹೆಣ್ಣುಮಗಳಿಗೆ, ಬೀಗ ಹಾಕಿ ಹೋದ ಮನೆ ತನ್ನದೇ ಎಂಬ ಕಾಗದ ಇರಬೇಡವೆ? ನಿವೇಶನದಲ್ಲಿ ಹಣ ಹೂಡುವವರ ಸಕ್ರಮವನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ತಾಂಡಾದಲ್ಲೂ ಹಕ್ಕುಪತ್ರದ ಜೊತೆಗೇ ಸರ್ವೆಯವರು ಬಂದು ದಾರಿ, ಶಾಲೆ, ಅಂಗನವಾಡಿ, ಸ್ಮಶಾನಕ್ಕೆ ನೆಲ ಅಳೆದು ಗುರುತು ಹಾಕದಿದ್ದರೆ, ಮುಂದಿನ ತಲೆಮಾರು ಇದೇ ಇಕ್ಕಟ್ಟಿಗೆ ಬೀಳುತ್ತದೆ.

ಹಾಗಾದರೆ ನೆಲ ಬಿಡುಗಡೆ ಬೇಗ ಆಗುವ ದಾರಿ ಇಲ್ಲವೆ? ಇದೆ, ನಮ್ಮ ಕಾಯ್ದೆಯ ಒಳಗೇ ಇದೆ. ಮುಂಬೈ ಪ್ರಾಂತ್ಯದಲ್ಲಿ 1915ರಲ್ಲಿ ನಗರ ಯೋಜನಾ ಕಾಯ್ದೆಯೊಂದು ಬಂತು. ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳು ಆಗ ಆ ಪ್ರಾಂತ್ಯದಲ್ಲೇ ಇದ್ದವು. ಅದರ ತಿರುಳು ಇಷ್ಟೆ: ರೈತರ ನೆಲವನ್ನು ಕಿತ್ತುಕೊಳ್ಳುವುದಿಲ್ಲ. ಒಂದು ಪ್ರದೇಶದ ಎಲ್ಲ ಜಮೀನುಗಳನ್ನೂ ನಕ್ಷೆಯ ಮೇಲೆ ಒಟ್ಟು ಸೇರಿಸಿ, ರಸ್ತೆ, ಪಾರ್ಕು, ಶಾಲೆಗೆ ಎಲ್ಲರಿಂದಲೂ ಸಮನಾಗಿ ಒಂದು ಪಾಲು ತೆಗೆದು, ಉಳಿದದ್ದನ್ನು ಚೌಕವಾಗಿ ಕೊರೆದು ಅವರವರಿಗೆ ವಾಪಸು ಕೊಡುವುದು. ನೆಲ ಚಿಕ್ಕದಾಗುತ್ತದೆ, ಆದರೆ ರಸ್ತೆಗೆ ತಾಗಿದ್ದರಿಂದ ಬೆಲೆ ಏರುತ್ತದೆ. ಗುಜರಾತು ಈ ಪದ್ಧತಿಯನ್ನು ಬಿಡದೆ ಬೆಳೆಸಿತು. 2001ರ ಭೂಕಂಪದಲ್ಲಿ ನೆಲಸಮವಾದ ಭುಜ್ ಪಟ್ಟಣದ ಇಕ್ಕಟ್ಟಿನ ಓಣಿಗಳನ್ನು ಹೀಗೇ ಅಗಲ ಮಾಡಿ ಮತ್ತೆ ಕಟ್ಟಿದರು. ಅಹಮದಾಬಾದಿನ ಸುತ್ತ 76 ಕಿಲೋಮೀಟರ್ ವರ್ತುಲ ರಸ್ತೆಗೆ ಬೇಕಾದ ನೆಲದ ಬಹುಪಾಲು ಬಂದದ್ದೂ ಹೀಗೇ. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಗೆ 2005ರಲ್ಲಿ ಪ್ರಾಥಮಿಕ, 2007ರಲ್ಲಿ ಅಂತಿಮ ಅಧಿಸೂಚನೆಯಾಗಿ, ಅದರ ಹೆಸರು ಬದಲಾಯಿತೇ ಹೊರತು ರಸ್ತೆ ಆಗಲಿಲ್ಲ. ಕರ್ನಾಟಕದ 1961ರ ಯೋಜನಾ ಕಾಯ್ದೆಯಲ್ಲಿ ಇಂಥ ಯೋಜನೆಗೇ ಒಂದು ಅಧ್ಯಾಯವಿದೆ. ನಾವು ಅದನ್ನು ಬಳಸಿದ್ದು ಬಹಳ ಕಡಿಮೆ. ಸ್ವಾಧೀನದ ಸುಲಭ ರೂಢಿಯಾಗಿ, ಸ್ವಾಧೀನವೇ ಕಷ್ಟವಾದ ಮೇಲೂ ಕೈ ಅತ್ತಲೇ ಹೋಗುತ್ತಿದೆ.

ನಾಲ್ಕು ಸಾವಿರ ಎಕರೆಯ ಮಹಾ ಬಡಾವಣೆಗಿಂತ, ಒಂದೊಂದು ಊರಿನ ಅಂಚಿನಲ್ಲಿ ನೂರು ಇನ್ನೂರು ಎಕರೆಯಂತೆ ವರ್ಷ ವರ್ಷವೂ ನೆಲ ಬಿಡುವ ವ್ಯವಸ್ಥೆ ನಮಗೆ ಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅದೂ ಬೆಂಗಳೂರಿಗೆ ಮಾತ್ರವಲ್ಲ. ಹಾಸನ, ಶಿವಮೊಗ್ಗ, ವಿಜಯಪುರ, ದಾವಣಗೆರೆಗಳ ಹೊರವಲಯದಲ್ಲಿ ಇವತ್ತು ನಡೆಯುತ್ತಿರುವುದು ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದ ಹಿಂದೆ ನಡೆದದ್ದೇ. ಅಲ್ಲಿ ಇನ್ನೂ ಹೊಲಗಳಿವೆ, ಗೆರೆ ಎಳೆಯಲು ಇನ್ನೂ ಸಮಯವಿದೆ. ಎಲ್ಲ ಮನೆಗಳನ್ನೂ ಸರ್ಕಾರ ಕಟ್ಟಿಸಬೇಕಾಗಿಲ್ಲ. ಮುಖ್ಯರಸ್ತೆ, ಮೋರಿ, ರಾಜಕಾಲುವೆ, ಪಾರ್ಕು ಇಷ್ಟನ್ನು ನೆಲದ ಮೇಲೆ ಕಲ್ಲು ನೆಟ್ಟು ಗುರುತಿಸಿ ಕಾಯ್ದುಕೊಂಡರೆ, ಮನೆಯನ್ನು ಜನ ತಾವೇ ಕಟ್ಟಿಕೊಳ್ಳುತ್ತಾರೆ.

ಅಲ್ಲಿಯವರೆಗೆ, ಪತ್ರ ಬರೆದವರಿಗೆ ನಾನು ಹೇಳುವುದು ಇಷ್ಟು. ಮೂಲಪತ್ರದಿಂದ ಹಿಡಿದು ಋಣಭಾರ ಪತ್ರದವರೆಗೆ ಒಳ್ಳೆಯ ವಕೀಲರಿಂದ ನೋಡಿಸಿ, ಅದನ್ನು ಬಿಡಬೇಡಿ. ಅದರ ಜೊತೆಗೆ ಎರಡು ಕಾಗದ ಕೇಳಿ. ಒಂದು, ಯೋಜನಾ ಪ್ರಾಧಿಕಾರದ ಸೀಲಿರುವ ಬಡಾವಣೆ ನಕ್ಷೆ. ಅದರ ದೃಢೀಕೃತ ಪ್ರತಿಯನ್ನು ಮಾರುವವರ ಕೈಯಿಂದ ಪಡೆಯುವ ಬದಲು ಪ್ರಾಧಿಕಾರದ ಕಚೇರಿಯಿಂದಲೇ ತೆಗೆಸಿ, ನಿಮ್ಮ ಸೈಟಿನ ನಂಬರು ಬಿಡುಗಡೆಯಾದ ಪಟ್ಟಿಯಲ್ಲಿದೆಯೇ ನೋಡಿ. ಎರಡು, ರಸ್ತೆ ಮತ್ತು ಪಾರ್ಕನ್ನು ಪಂಚಾಯಿತಿಗೋ ಪುರಸಭೆಗೋ ಬಿಟ್ಟುಕೊಟ್ಟ ನೋಂದಾಯಿತ ಪತ್ರ. ಆಮೇಲೆ ಒಂದು ಟೇಪು ಹಿಡಿದು ಸ್ಥಳಕ್ಕೆ ಹೋಗಿ, ನಕ್ಷೆಯಲ್ಲಿ ಬರೆದ ರಸ್ತೆಯ ಅಗಲವನ್ನು ನೆಲದ ಮೇಲೆ ಅಳೆಯಿರಿ. ಪಾರ್ಕು ಎಂದು ಬರೆದ ಜಾಗದಲ್ಲಿ ಪಾಯ ತೋಡಿದ್ದಾರೆಯೇ ನೋಡಿ. ನಕ್ಷೆ ಇಲ್ಲ, ಪತ್ರ ಇಲ್ಲ, "ಮುಂದೆ ಸರ್ಕಾರ ಹೇಗೂ ಸಕ್ರಮ ಮಾಡುತ್ತೆ ಬಿಡಿ" ಎಂದು ಮಾರುವವರು ಹೇಳಿದರೆ ಮುಂಗಡ ಕೊಡದೆ ಎದ್ದು ಬನ್ನಿ.